ಕಡಲೆ ಹುಳಿಯ ಮೇಡಂ

ಯಾವ ಪಾತ್ರೆ ಕೈಗೆ ಕೊಟ್ಟರೂ ಅವರು ಮೊದಲು ಅದರ ಹೊಟ್ಟೆಗೆ ಅಂಗೈ ಒತ್ತಿ ನೋಡುತ್ತಿದ್ದರು. ಚಹಾದ ಲೋಟ, ಮೊಸರಿನ ಗಡಿಗೆ, ಔಷಧಿಯ ಬಾಟಲಿ, ಯಾವುದಾದರೂ ಸರಿ. ಸಂತೆಯಲ್ಲಿ ಕಲ್ಲಂಗಡಿ ಆರಿಸುವವರ ಹಾಗೆ ತಲೆ ಸ್ವಲ್ಪ ಓರೆ ಮಾಡಿ, ಒಳಗೆ ಏನು ನಡೆದಿದೆ ಎಂದು ಕೇಳಿಸಿಕೊಳ್ಳುವಂತೆ ನಿಲ್ಲುತ್ತಿದ್ದರು. ಆಮೇಲೆಯೇ ಕುಡಿಯುವುದು.

ಹೋದ ತಿಂಗಳು ಅವರು ಭಾಲ್ಕಿಯಲ್ಲಿ ತೀರಿಕೊಂಡರು. ಬೆಳಗಿನ ಬಸ್ಸಿಗೆ ಹೋಗಿ ಮುಖ ನೋಡಿ ಬಂದೆ. ಸಂಜೆ ನಾನು ಬಚ್ಚಲಲ್ಲಿ ಕಾಲು ತೊಳೆಯುವಾಗ ಮೊಮ್ಮಕ್ಕಳು ನೀವು ಬಾಗಿಲಲ್ಲಿ ನಿಂತು ಕೇಳಿದಿರಿ, “ಆಯಿ, ಅವರು ನಮಗ ಏನಾಗಬೇಕು?” ನಾನು “ಏನೂ ಆಗಬೇಕಿಲ್ಲ, ನಮ್ಮ ಮನ್ಯಾಗ ಬಾಡಿಗಿಗೆ ಇದ್ರು” ಅಂದೆ. ಅಂದ ಮೇಲೆ ಬಾಯಲ್ಲಿ ಸುಳ್ಳು ಹೇಳಿದ ರುಚಿ ಉಳಿಯಿತು. ಅದಕ್ಕೇ ಬರೆಯಲು ಕೂತಿದ್ದೇನೆ. ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ನಿಮಗೆ ಗೊತ್ತಿದೆ. ಔರಾದ ಕಡೆಯ ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು ನಾನು. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಅವರ ಹೆಸರು ಬರೆಯುವುದಿಲ್ಲ. ಬರೆಯಲೇ ಎಂದು ಅವರ ತಮ್ಮನನ್ನು ಕೇಳಬೇಕೆಂದುಕೊಂಡೆ. ಅಂಥ ದಿನ ನಾಲಿಗೆ ಏಳಲಿಲ್ಲ. ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಅದೇ ಇರಲಿ.

ಆಗ ನಿಮ್ಮ ಅಪ್ಪ ಇನ್ನೂ ಚಡ್ಡಿ ಹಾಕಿಕೊಂಡು ಸಾಲೆಗೆ ಹೋಗುತ್ತಿದ್ದ. ಬೀದರಿನಲ್ಲಿ ಗಾಂಧಿ ಗಂಜಿನ ಧಾನ್ಯದ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ನಿಮ್ಮ ಅಜ್ಜ ಗಂಜಿನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರು. ಮಾಳಿಗೆಯ ಮೇಲೆ ಖಾಲಿ ಇದ್ದ ಒಂದು ಕೋಣೆಗೆ ಮೇಡಂ ಬಂದರು. ಕಾಲೇಜಿನಲ್ಲಿ ಕಣ್ಣಿಗೆ ಕಾಣದ ಜೀವಿಗಳ ಪಾಠ ಹೇಳುವವರು. ಭಾಲ್ಕಿ ಹತ್ತಿರದ ಬೌದ್ಧರ ಮನೆತನ, ತಂದೆ ರೇಲ್ವೆಯಲ್ಲಿ ಇದ್ದವರು. ವಯಸ್ಸು ಮೂವತ್ತೈದು ದಾಟಿತ್ತು, ಮದುವೆಯಾಗಿರಲಿಲ್ಲ. ಒಂದು ಟ್ರಂಕಿನಲ್ಲಿ ಬಟ್ಟೆ, ಮೂರು ಟ್ರಂಕಿನಲ್ಲಿ ಹುಲ್ಲಿನ ನಡುವೆ ಜೋಡಿಸಿದ ಗಾಜಿನ ಸೀಸೆಗಳು.

ನಮ್ಮ ಅತ್ತೆಯವರು ಮೆಟ್ಟಿಲ ಬುಡದಲ್ಲಿ ಕೂತು ಸಾಮಾನು ಏರುವುದನ್ನೇ ನೋಡುತ್ತಿದ್ದರು.

“ಹೆಣ್ಮಗಳು ಒಬ್ಬಾಕಿ, ಸಂಸಾರ ನೋಡಿದ್ರ ಬರೀ ಬಾಟ್ಲಿ. ದವಾ ಮಾರ್ತಾಳೇನ ಈಕಿ?”

ಮೇಡಂ ಮೇಲಿನಿಂದಲೇ ಬಗ್ಗಿ ಹೇಳಿದರು, “ಇಲ್ರೀ ಅತ್ತಿ, ಬಾಟ್ಲ್ಯಾಗಿನವರು ನನ್ನ ಬಾಡಿಗಿದಾರರು. ನಾ ನಿಮ್ಮ ಬಾಡಿಗಿದಾರಳು.”

ಅತ್ತೆ ನಗಲಿಲ್ಲ. ಆದರೆ ಎರಡು ದಿನ ಅದೇ ಮಾತನ್ನು ಓಣಿಯವರಿಗೆಲ್ಲ ಹೇಳಿದರು.

ಬಂದ ವರ್ಷದ ಚಳಿಗಾಲದಲ್ಲಿ ಅವರು ನನ್ನನ್ನು ಹಿಡಿದರು. ನಾನು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕುತ್ತಿದ್ದೆ.

“ವೈನಿ, ನಿಮ್ಮ ತವರು ಔರಾದ ಕಡಿ ಅಂದ್ರಲ್ಲಾ. ನಿಮ್ಮ ಹೊಲದಾಗ ಕಡ್ಲಿ ಹುಳಿ ತೆಗೀತಾರೇನ್ರಿ?”

ಕಾಲೇಜಿನವರ ಬಾಯಲ್ಲಿ ಆ ಮಾತು ಕೇಳಿ ನನಗೆ ನಾಚಿಕೆಯೇ ಆಯಿತು. ಅದು ನಮ್ಮ ಹಳ್ಳಿಯ ಹೆಂಗಸರ ಕೆಲಸ. ನೀವು ನೋಡಿಲ್ಲ, ಹೇಳುತ್ತೇನೆ. ಚಳಿಗಾಲದಲ್ಲಿ ಕಡಲೆ ಗಿಡದ ಎಲೆಯ ಮೇಲಿನ ಸಣ್ಣ ಸಣ್ಣ ರೋಮಗಳಿಂದ ಹುಳಿ ಒಸರುತ್ತದೆ. ಸಂಜೆಗೆ ಹಳೆಯ ತೆಳು ಧೋತರವನ್ನು ಗಿಡಗಳ ಮೇಲೆ ಹಾಸಿ ಬರುವುದು. ಬೆಳಕು ಹರಿಯುವ ಮೊದಲು ಹೋದರೆ ಬಟ್ಟೆ ಇಬ್ಬನಿ, ಹುಳಿ ಎರಡರಿಂದಲೂ ತೊಯ್ದಿರುತ್ತದೆ. ಅದನ್ನು ಗಾಜಿನ ಸೀಸೆಗೆ ಹಿಂಡಿಕೊಳ್ಳಬೇಕು. ಹಿತ್ತಾಳೆ, ತಾಮ್ರ ನಡೆಯುವುದಿಲ್ಲ, ಕೆಡುತ್ತದೆ. ಹೊಟ್ಟೆನೋವಿಗೆ ನಾಲ್ಕು ಹನಿ ನೀರಿನಲ್ಲಿ ಹಾಕಿ ಕೊಡುತ್ತಿದ್ದರು. ಆ ಹೊಲದಲ್ಲಿ ಅಡ್ಡಾಡಿದವರ ಸೀರೆಯ ಅಂಚು ಒಂದೇ ಸುಗ್ಗಿಗೆ ತೂತು ಬೀಳುತ್ತದೆ, ಒಡೆದ ಹಿಮ್ಮಡಿಗೆ ತಾಕಿದರೆ ಕಣ್ಣಲ್ಲಿ ನೀರು ಬರುತ್ತದೆ.

“ತೆಗೀತಾರ್ರಿ. ಆದ್ರ ನಿಮಗ್ಯಾಕ ಬೇಕ್ರಿ?”

“ಆ ಹುಳ್ಯಾಗ ಯಾರು ಇರ್ತಾರ ನೋಡ್ಲಾಕ.”

“ಅದು ಸೀರಿ ತಿಂತದ್ರಿ. ಅದ್ರಾಗ ಯಾರು ಬದುಕ್ತಾರ?”

“ನೀವು ಕೇಳಿದ ಮಾತೇ ನಾನೂ ಕೇಳ್ಲತ್ತೀನಿ. ಹುಳಿ ಅಂದ್ರ ಪ್ರಾಣ ಬಿಡೂ, ಕಣ್ಣಿಗೆ ಕಾಣದ ಮಂದಿ ಇದ್ದಾರ, ವೈನಿ. ಅವಕ್ಕ ಹುಳಿ ಇಲ್ಲಂದ್ರ ನಡ್ಯಂಗಿಲ್ಲ. ಅದೆಲ್ಲಾ ಗೊತ್ತಿದ್ದ ಮಾತು. ಆದ್ರ ಹುಳಿನೂ ಇದ್ದು, ಮ್ಯಾಲ ನಮ್ಮ ಬೀದರಿನ ಥಂಡಿನೂ ಇದ್ರ ಅವು ಹ್ಯಾಂಗ ತಡೀತಾವ? ಅದು ನನಗ ಗೊತ್ತಿಲ್ಲ.”

“ಗೊತ್ತಿಲ್ಲ” ಎಂದು ಅವರು ಹೇಳುವ ರೀತಿಯೇ ಬೇರೆ. ನಮಗೆ ಗೊತ್ತಿಲ್ಲದಿದ್ದರೆ ತಲೆ ತಗ್ಗುತ್ತದೆ. ಅವರಿಗೆ ಕಣ್ಣು ಅರಳುತ್ತಿತ್ತು. ನಾನು ಏನಾದರೂ ಕೇಳಿದರೆ, “ನನಗ್ಯಾಕ ಕೇಳ್ತೀರಿ? ಅದಕ್ಕೇ ಕೇಳೂನು ಬರ್ರಿ” ಅನ್ನುತ್ತಿದ್ದರು. ಉಪ್ಪು ಹಾಕಿದ ನೀರು ಬೇಗ ಕುದಿಯುತ್ತದೆಯೋ, ಹಾಕದ್ದು ಬೇಗ ಕುದಿಯುತ್ತದೆಯೋ? ಅದಕ್ಕೇ ಕೇಳೋಣ. ಎರಡು ಪಾತ್ರೆ ಒಲೆಗೇರುತ್ತಿದ್ದವು. ಅಂದು ಸಾರು ತಡವಾಗುತ್ತಿತ್ತು.

ಮೊದಲ ಸಲ ಬಟ್ಟೆ ಹಿಂಡಲು ಹತ್ತಿರದ ಜನವಾಡಕ್ಕೆ ನನ್ನನ್ನೂ ಕರೆದುಕೊಂಡು ಹೋದರು, ನಿಮ್ಮ ಅಜ್ಜನನ್ನು ಕೇಳಿಯೇ. ಬೆಳಗಿನ ಮೊದಲ ಬಸ್ಸು. ಎರಡು ಸ್ವೆಟರ್ ಮೇಲೆ ಶಾಲು ಹೊದ್ದು ಹೊಲದ ಬದುವಿನ ಮೇಲೆ ಕೂತು, ಕೈ ಸೆಟೆದು, ನಾವು ಬಟ್ಟೆ ಹಿಂಡುತ್ತಿದ್ದೆವು. ಹಿಂದಿನ ಸಂಜೆ ಮೇಡಂ ಒಬ್ಬರೇ ಬಂದು, ತಮ್ಮ ಪರಿಚಯದವರ ಹೊಲ ಎಂದುಕೊಂಡು ಪಕ್ಕದ ಹೊಲದಲ್ಲಿ ಹಾಸಿಬಿಟ್ಟಿದ್ದರು. ಹೊಲದ ಮುದುಕ ಕೋಲು ಹಿಡಿದು ಬಂದ.

“ಹಸಿ ಕಡ್ಲಿ ಕಳುವು ಮಾಡ್ಲಾಕ ಶಾಲು ಹೊಚ್ಕೊಂಡು ಬಂದೀರಿ?”

ನಾನು ಮೇಡಂ ಬೆನ್ನ ಹಿಂದೆ ಸರಿದೆ. ಅವರು ಸೀಸೆ ಎತ್ತಿ ತೋರಿಸಿದರು. “ಕಡ್ಲಿ ಬ್ಯಾಡ್ರೀ ಕಾಕಾ. ಹುಳಿ ಅಷ್ಟೇ ಒಯ್ತೇವಿ.”

ಮುದುಕ ಸೀಸೆ ನೋಡಿದ, ನಮ್ಮನ್ನು ನೋಡಿದ. “ಕಡ್ಲಿ ಬಿಟ್ಟು ಹುಳಿ ಒಯ್ತೀರಿ? ನೀವು ಭಾಳ ಶಾಣ್ಯಾರರೇ ಇರಬೇಕು, ಇಲ್ಲಾ ಪೂರಾ ಹುಚ್ಚರೇ ಇರಬೇಕು.”

“ಎರಡೂ ಸ್ವಲ್ಪ ಸ್ವಲ್ಪ ಅದೀವ್ರಿ,” ಅಂದರು ಮೇಡಂ. ಆತ ಉಡಿತುಂಬ ಹಸಿ ಕಡಲೆ ಕಿತ್ತು ಕೊಟ್ಟು ಕಳಿಸಿದ.

ಒಂದು ಬೆಳಿಗ್ಗೆ ಅವರು ನನ್ನಿಂದ ಒಂದು ಚಮಚ ಕರಗಿಸಿದ ತುಪ್ಪ, ಒಂದು ಚಮಚ ಕುಸುಬೆ ಎಣ್ಣೆ ಕೇಳಿದರು. ಎರಡನ್ನೂ ಬೇರೆ ಬೇರೆ ಬಟ್ಟಲಲ್ಲಿ ಹಾಕಿ ಮಾಳಿಗೆಯ ಕಟ್ಟೆಯ ಮೇಲೆ ಇಟ್ಟರು. ನನಗೆ ರೊಟ್ಟಿ ಬಡಿಯುವ ಹೊತ್ತು. “ಒಂದು ತಾಸಿನ ಮ್ಯಾಲ ಬರ್ರಿ” ಅಂದರು. ಹೋಗಿ ನೋಡಿದರೆ ತುಪ್ಪ ಗಟ್ಟಿಯಾಗಿ ಬಟ್ಟಲಿಗೆ ಅಂಟಿತ್ತು, ಎಣ್ಣೆ ಹಾಗೆಯೇ ಓಡಾಡುತ್ತಿತ್ತು.

“ಇದೇನು ಹೊಸಾದು ತೋರಿಸ್ತೀರಿ ಮೇಡಂ? ತುಪ್ಪ ಥಂಡಿಗೆ ಕಟ್ತದ, ಕುಸುಬಿ ಎಣ್ಣಿ ಕಟ್ಟಂಗಿಲ್ಲ.”

“ಈಗ ಕೇಳ್ರಿ. ಆ ಸಣ್ಣ ಜೀವದ ಮೈ ತೊಗಲು ಅದಲ್ಲಾ, ಅದು ಕೊಬ್ಬಿಂದೇ ಮಾಡಿದ್ದು. ತುಪ್ಪದಂಥ ಕೊಬ್ಬು ಇತ್ತಂದ್ರ ಥಂಡ್ಯಾಗ ಕಲ್ಲು ಆಗ್ತದ. ಒಳಗಿಂದು ಹೊರಗ ಹೋಗಂಗಿಲ್ಲ, ಹೊರಗಿನ ಕೂಳು ಒಳಗ ಬರಂಗಿಲ್ಲ. ಸಾಯ್ತದ. ಅದಕ್ಕ ಥಂಡಿ ಬಿತ್ತಂದ್ರ ಅದು ತನ್ನ ತೊಗಲೇ ಬದಲು ಮಾಡ್ತದ. ತುಪ್ಪದ್ದು ತೆಗೆದು ಕುಸುಬಿ ಎಣ್ಣಿಯಂಥದ್ದು ಹಾಕ್ಕೋತದ.”

ನಾನು ಬಟ್ಟಲು ಕೈಯಲ್ಲಿ ಹಿಡಿದು ನಿಂತೆ. ಕಣ್ಣಿಗೆ ಕಾಣದ್ದು, ಬಾಯಿಲ್ಲದ್ದು, ತಲೆಯಿಲ್ಲದ್ದು. ಅದಕ್ಕೆ ಚಳಿ ಬಂತೆಂದು ಯಾರು ಹೇಳಿದರು?

“ಹಂಗಾದ್ರ ಮುಗೀತಲ್ರಿ,” ಅಂದೆ.

“ಎಲ್ಲಿ ಮುಗೀತು? ಬ್ಯಾರೆ ಜೀವಕ್ಕ ಅಲ್ಲಿಗೆ ಮುಗೀತು. ನಮ್ಮ ಹುಳಿಯವಕ್ಕ ಅಲ್ಲಿಂದ ಶುರು ಆಗ್ತದ. ತೊಗಲು ಸಡಿಲ ಮಾಡಿದ್ರ ಹೊರಗಿನ ಹುಳಿ ಒಳಗ ಸೋರ್ತದ. ಬಿಗಿ ಮಾಡಿದ್ರ ಥಂಡಿಗೆ ಕಲ್ಲಾಗ್ತದ. ಈಗ ಹೇಳ್ರಿ, ಏನ್ ಮಾಡಬೇಕು ಅದು?”

ನನಗೆ ಅಂದು ಕೆಲಸವೆಲ್ಲ ತಪ್ಪಿತು. ಕಸ ಗುಡಿಸುವಾಗ, ಬೇಳೆ ಆರಿಸುವಾಗ ಅದೇ ಚಿಂತೆ. ಸಡಿಲ ಮಾಡಿದರೆ ಹುಳಿ, ಬಿಗಿ ಮಾಡಿದರೆ ಚಳಿ. ಮಧ್ಯಾಹ್ನ ಮೇಲೆ ಹೋಗಿ ಹೇಳಿದೆ, “ಮನ್ಯಾಗ ನೀರು ಸೋರಿದ್ರ ನಾವು ತುಂಬಿ ತುಂಬಿ ಹೊರಗ ಚೆಲ್ತೇವ್ರಿ. ಅದು ಹಂಗ ಚೆಲ್ತದೇನು?”

ಅವರು ಪೆನ್ನು ಕೆಳಗಿಟ್ಟರು. “ವೈನಿ, ಚೆಲ್ತದ. ಒಳಗ ಬಂದ ಹುಳೀನ ಒಂದೇ ಸಮ ಹೊರಗ ತಳ್ತದ. ಆದ್ರ ಥಂಡ್ಯಾಗ ಕೈ ಓಡಂಗಿಲ್ಲ ನೋಡ್ರಿ, ನಮಗ ಹ್ಯಾಂಗೋ ಹಂಗೇ. ಅದಕ್ಕ ಒಂದಕ್ಕೊಂದು ಹತ್ತಿ ಕೂಡ್ತಾವ, ಸುತ್ತಲೂ ಲೋಳಿ ಹೊಚ್ಕೋತಾವ. ಮತ್ತೂ ಏನೇನು ಮಾಡ್ತಾವೋ, ಪೂರಾ ಗೊತ್ತಿಲ್ಲ.” ಆಮೇಲೆ ನನ್ನನ್ನು ಒಂದು ಕ್ಷಣ ನೋಡಿ, “ಏಳನೇತ್ತೆಗೇ ಸಾಲಿ ಯಾಕ ಬಿಡಿಸಿದ್ರು ನಿಮಗ?” ಎಂದು ಕೇಳಿದರು. ಆಗ ನಮ್ಮ ಹಳ್ಳಿಯಲ್ಲಿ ಹೆಣ್ಣುಮಕ್ಕಳು ಅಂದರೆ ಎಲ್ಲರನ್ನೂ ಬಿಡಿಸುತ್ತಿದ್ದರು.

ಸೀಸೆಗಳ ಮಾತು ಹೇಳಬೇಕು. ಕಾಲೇಜಿನ ಫ್ರಿಜ್ ನಂಬುವಂತಿರಲಿಲ್ಲ. ನಮ್ಮ ಮನೆಯಲ್ಲಿ ಆಗಷ್ಟೇ ಹೊಸ ಫ್ರಿಜ್ ಬಂದಿತ್ತು, ಅಡುಗೆಮನೆಯಲ್ಲಿ ನಿಂತಿತ್ತು. ಮೇಡಂ ಕೇಳಿದಾಗ ನಿಮ್ಮ ಅಜ್ಜ ಆಯಿತೆಂದರು. ಅತ್ತೆ ಮಾತ್ರ, “ಬಾಟ್ಲಿ ಒಳಗ ನೀನೇ ಇಡು, ನೀನೇ ತೆಗಿ” ಎಂದು ನನಗೆ ಹೇಳಿದರು. ಅಂದರೆ ಮೇಡಂ ಅಡುಗೆಮನೆಗೆ ಬರಬಾರದು. ಯಾಕೆಂದು ಅತ್ತೆ ಹೇಳಲಿಲ್ಲ, ನಾನೂ ಕೇಳಲಿಲ್ಲ, ಮೇಡಂಗೆ ಹೇಳದೆಯೇ ಗೊತ್ತಾಯಿತು. ಅವರು ಹೊಸ್ತಿಲ ಆಚೆ ನಿಂತು ಸೀಸೆ ನನ್ನ ಕೈಗೆ ಕೊಡುತ್ತಿದ್ದರು. ಅವರ ಸೀಸೆಗಳು ಹೋದಲ್ಲಿಗೆ ಅವರು ಹೋಗುವಂತಿರಲಿಲ್ಲ. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಆದರೂ ಬರೆದೆ. ಆಗ ನಾನು ಒಂದು ಮಾತು ಆಡಬಹುದಿತ್ತು.

ಮೂರನೆಯ ಚಳಿಗಾಲಕ್ಕೆ ಸೀಸೆಗಳು ನಾಲ್ಕಾದವು. ಔರಾದದ್ದು ಎರಡು, ಭಾಲ್ಕಿಯದೊಂದು, ಜನವಾಡದ್ದೊಂದು. ಮೂರು ವರ್ಷದ ಹುಳಿಯಲ್ಲಿದ್ದ ಜೀವಿಗಳನ್ನು ಚಳಿಯಲ್ಲೇ ಬೆಳೆಸಿ, ಆರಿಸಿ, ಮತ್ತೆ ಬೆಳೆಸಿ ಉಳಿಸಿಕೊಂಡವು. ಅವರು ಡಾಕ್ಟರೇಟ್ ಪದವಿಗಾಗಿ ಬರೆಯುತ್ತಿದ್ದರು. ವಿಶ್ವವಿದ್ಯಾಲಯ ಒಮ್ಮೆ ಅವಧಿ ಹೆಚ್ಚಿಸಿ ಕೊಟ್ಟಾಗಿತ್ತು. ಆ ಬೇಸಿಗೆಗೆ ಮುಗಿಯಬೇಕು, ಇಲ್ಲದಿದ್ದರೆ ಅಷ್ಟೂ ವರ್ಷದ ಕೆಲಸ ಹೋದಂತೆ. “ಈ ನಾಕು ಬಾಟ್ಲಿ ನನ್ನ ಮೂರು ಚಳಿಗಾಲ, ವೈನಿ,” ಎಂದು ನನ್ನ ಕೈಗಿಟ್ಟು, ತಂದೆಗೆ ಹುಷಾರಿಲ್ಲವೆಂದು ಭಾಲ್ಕಿಗೆ ಹೋದರು. ನಾಲ್ಕು ದಿನ ಬಿಟ್ಟು ಬರುವವರಿದ್ದರು.

ಅವರು ಹೋದ ದಿನವೇ ಚಳಿ ಏರಿತು. ಬೀದರಿನ ಚಳಿ ನಿಮಗೆ ಗೊತ್ತು, ಆದರೆ ಆ ವಾರದ್ದು ಬೇರೆ. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತಿರಲಿಲ್ಲ. ಅಂಥ ದಿನ ನಮ್ಮ ಮನೆಯಲ್ಲಿ ಗಡಿಗೆಗೆ ಕಂಬಳಿ ಸುತ್ತಿ ಒಲೆಯ ಮಗ್ಗುಲಲ್ಲಿ ಇಡುವ ರೂಢಿ. ಅಂದೂ ಇಟ್ಟೆ. ಬೆಣ್ಣೆ ತೆಗೆಯಲು ಫ್ರಿಜ್ ತೆರೆದರೆ ಆ ನಾಲ್ಕು ಸೀಸೆಗಳು ಕಂಡವು. ಮುಟ್ಟಿದೆ. ಕೈ ಜುಮ್ಮೆಂದಿತು. ತಳದಲ್ಲಿ ತೆಳ್ಳಗೆ ಕೆನೆಯಂತೆ ಕೂತ ಲೋಳೆ ಅಲ್ಲಾಡಲಿಲ್ಲ.

ಮೊಸರಿನ ಹೆಪ್ಪಿನಲ್ಲೂ ಹುಳಿ ಜೀವಿಗಳೇ ಇರುತ್ತವೆ, ಇವು ಅವುಗಳ ದೂರದ ಬಳಗ ಎಂದು ಮೇಡಂ ಹೇಳಿದ್ದರು. ಚಳಿ ತಡೆಯುತ್ತವೆ ಎಂದೂ ಹೇಳಿದ್ದರು. ತಡೆಯುತ್ತವೆ, ಸರಿ. ನಾವೂ ತಡೆಯುತ್ತೇವೆ. ತಡೆಯುತ್ತೇವೆಂದು ಹೊದಿಕೆ ಸಿಕ್ಕರೆ ಬೇಡ ಅನ್ನುತ್ತೇವೆಯೇ? ನಾನು ಆ ನಾಲ್ಕನ್ನೂ ತೆಗೆದು ಮೊಸರಿನ ಗಡಿಗೆಯ ಜೊತೆ ಸಾಲಾಗಿ ಇಟ್ಟು ಕಂಬಳಿ ಹೊದಿಸಿದೆ. ಎರಡು ಹಗಲು, ಎರಡು ರಾತ್ರಿ. ಮೂರನೆಯ ದಿನ ಬೆಳಿಗ್ಗೆ, ಅವರು ಬರುವ ಹೊತ್ತಾಯಿತೆಂದು ಮತ್ತೆ ಫ್ರಿಜ್ಜಿನಲ್ಲಿ ಇದ್ದ ಜಾಗಕ್ಕೇ ಇಟ್ಟೆ. ಒಳ್ಳೆಯದು ಮಾಡಿದ್ದೇನೆ ಎಂದೇ ಅಂದುಕೊಂಡಿದ್ದೆ. ಹಾಗಿದ್ದರೂ ಕದ್ದಂತೆ ಯಾಕೆ ಇಟ್ಟೆನೋ ಗೊತ್ತಿಲ್ಲ.

ಮೇಡಂ ಬಂದು ಹೊಸ್ತಿಲಾಚೆ ನಿಂತರು. ನಾನು ಸೀಸೆ ಕೊಟ್ಟೆ. ಅಂಗೈ ಒತ್ತಿದರು, ಬೆಳಕಿಗೆ ಹಿಡಿದರು. ಲೋಳೆ ಹರಿದು ಚಿಂದಿ ಚಿಂದಿಯಾಗಿ ನೀರಿನಲ್ಲಿ ತೇಲುತ್ತಿತ್ತು. ಏನೋ ಕೆಟ್ಟಿದೆಯೆಂದು ಅವರ ಮುಖ ನೋಡಿ ನನಗೆ ತಿಳಿಯಿತು.

“ಕರೆಂಟ್ ಹೋಗಿತ್ತೇನ್ರಿ ವೈನಿ?”

ಉತ್ತರವನ್ನು ಅವರೇ ನನ್ನ ಬಾಯಿಗೆ ಇಟ್ಟಂತಾಯಿತು. “ಹೌದ್ರಿ, ಹೋಗಿತ್ತು.”

“ಎಷ್ಟೊತ್ತು?”

“ಭಾಳೊತ್ತು.”

ಅವರು ಅಲ್ಲೇ ನಿಂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನನ್ನ ಸುಳ್ಳು ಅವರ ದುಂಡನೆಯ ಅಕ್ಷರದಲ್ಲಿ ಒಂದು ಸಾಲಾಯಿತು.

ಅವತ್ತಿನಿಂದ ಹತ್ತು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಅವರು ಪ್ರತಿ ಸೀಸೆಯಿಂದ ಒಂದೊಂದು ಹನಿ ತೆಗೆದು, ಹುಳಿ ಬೆರೆಸಿದ ತಟ್ಟೆಗಳ ಮೇಲೆ ಹಾಕಿ, ಮತ್ತೆ ಚಳಿಯಲ್ಲಿಟ್ಟು ಕಾಯುತ್ತಿದ್ದರು. ಏನೂ ಮೂಡಲಿಲ್ಲ. ಕಲಬುರಗಿಯಿಂದ ಅವರ ಗೈಡ್ ಸರ್ ಭಾನುವಾರ ನೋಡಲು ಬಂದರು. ಕೆಳಗಿನ ಪಡಸಾಲೆಯಲ್ಲೇ ಕುರ್ಚಿ ಹಾಕಿದೆವು. ನಾನು ಚಹಾ ಹಿಡಿದು ಪರದೆಯ ಹಿಂದೆ ನಿಂತಿದ್ದೆ.

ಸರ್ ನೋಟ್‌ಬುಕ್ಕು ತಿರುವಿ ಹಾಕಿದರು. “ಕರೆಂಟ್ ಹೋಗಿತ್ತು ಅಂತ ಬರದೀರಿ. ಎಷ್ಟು ತಾಸು? ಬಾಟ್ಲಿ ಎಷ್ಟು ಬೆಚ್ಚಗಾದವು? ಅದು ಇಲ್ಲಂದ್ರ ಇದಕ್ಕ ಏನು ಅರ್ಥ ಅದ ಮೇಡಂ? ಈ ನಾಕೂ ಬಿಟ್ಟುಬಿಡ್ರಿ. ಬಿಟ್ರ ನಿಮ್ಮ ಹತ್ರ ಏನು ಉಳೀತದ?”

“ಏನೂ ಉಳ್ಯಂಗಿಲ್ಲ, ಸರ್.” ಅವರ ದನಿ ಎಂದಿನಂತೆಯೇ ಇತ್ತು. “ನಾಳಿ ಕರೆಂಟ್ ಆಫೀಸಿಗೆ ಹೋಗಿ ಕೇಳ್ತೇನಿ. ಯಾವ ಓಣ್ಯಾಗ ಎಷ್ಟೊತ್ತು ಹೋಗಿತ್ತು ಅಂತ ಅವರ ಹತ್ರ ಬರದಿರ್ತದ.”

ಬರೆದಿರುವುದಿಲ್ಲ ಎಂದು ನನಗೆ ಮಾತ್ರ ಗೊತ್ತಿತ್ತು. ಆ ವಾರ ಒಂದು ಗಳಿಗೆಯೂ ಕರೆಂಟ್ ಹೋಗಿರಲಿಲ್ಲ.

ಮಕ್ಕಳೇ, ಅಲ್ಲಿಯವರೆಗೆ ನಾನು ಹೊರಗಿನ ಗಂಡಸರ ಎದುರು ನಿಂತು ಮಾತಾಡಿದವಳಲ್ಲ. ಚಹಾ ಇಟ್ಟು ತಿರುಗಿ ಬರುವುದು, ಅಷ್ಟೇ. ಅಂದು ಚಹಾ ಇಟ್ಟೆ, ತಿರುಗಲಿಲ್ಲ.

“ಕರೆಂಟ್ ಹೋಗಿಲ್ರಿ.”

ಸರ್ ತಲೆಯೆತ್ತಿದರು. “ಮತ್ತ?”

“ನಾನೇ ತೆಗೆದು ಒಲಿ ಮಗ್ಗಲ ಇಟ್ಟಿದ್ನಿರಿ. ಕಂಬಳಿ ಹೊಚ್ಚಿ.”

“ಯಾಕ ತಾಯಿ?”

“ಥಂಡಿ ಆಗ್ಯದ ಅಂತ್ರಿ.”

“ಯಾರಿಗೆ?”

ನಾನು ಸೀಸೆಗಳ ಕಡೆ ಕೈ ಮಾಡಿದೆ.

ಒಳಗಿನಿಂದ ಅತ್ತೆಯ ದನಿ ಬಂತು. “ಹೆಪ್ಪಿಗೆ ಕಂಬಳಿ ಹೊಚ್ಚೂದು ತಪ್ಪೇನ್ರೀ? ನಾನೂ ಹೊಚ್ಚೀನಿ, ನಮ್ಮತ್ತಿನೂ ಹೊಚ್ಯಾಳ! ಇವತ್ತಿನತನಕ ಒಂದು ಮೊಸರೂ ಸತ್ತಿಲ್ಲ!”

ಸರ್ ಬಾಯಿಗೆ ಕರವಸ್ತ್ರ ಹಿಡಿದು ಕೆಮ್ಮಿದರು. ಮೇಡಂ ನಗಲಿಲ್ಲ. ಅವರು ಪೆನ್ನು ತೆಗೆದು, ‘ಕರೆಂಟ್ ಹೋಗಿತ್ತು’ ಎಂಬ ಸಾಲಿನ ಮೇಲೆ ಒಂದೇ ಒಂದು ಗೆರೆ ಎಳೆದರು. ಕೆಳಗಿನ ಅಕ್ಷರ ಕಾಣುತ್ತಲೇ ಇತ್ತು. ಆಮೇಲೆ ನನ್ನ ಕಡೆ ತಿರುಗಿದರು.

“ಎಷ್ಟು ದಿನ?”

“ಎರಡು ಹಗಲು, ಎರಡು ರಾತ್ರಿ.”

“ಒಲಿ ಕಡಿ ಯಾವ ಬಾಟ್ಲಿ ಇತ್ತು?”

“ಭಾಲ್ಕಿದು. ಅದ್ರ ಬಾಜೂಕ ಔರಾದದ್ದು ಎರಡು. ಗ್ವಾಡಿಗೆ ಹತ್ತಿ ಜನವಾಡದ್ದು.”

“ಗ್ವಾಡಿ ಕಲ್ಲಿಂದೇನು?”

“ಹೌದ್ರಿ. ಹೊರಗಿನ ಗ್ವಾಡಿ. ಮುಟ್ಟಿದ್ರ ಬರ್ಫ ಇರ್ತದ.”

ಅವರು ಸರ್ ಕಡೆ ನೋಡಿದರು. ಸರ್ ಕರವಸ್ತ್ರ ಮಡಚಿ ಜೇಬಿಗಿಟ್ಟರು. “ಅಳತಿ ಸಿಕ್ರ ಇಟ್ಕೋರಿ,” ಅಂದರು. “ಅಳತಿ ಇಲ್ಲಂದ್ರ ಇದು ಬರೀ ಕಥಿ.”

ಸರ್ ಹೋದ ಮೇಲೆ ನಾನು ಮೆಟ್ಟಿಲ ಹತ್ತಿರ ನಿಂತು ಅಳುತ್ತಿದ್ದೆ. ಮೇಡಂ ಎರಡು ಮೆಟ್ಟಿಲು ಏರಿ ನಿಂತರು. “ಇಟ್ಟಿದ್ದಕ್ಕ ಸಿಟ್ಟಿಲ್ಲ, ವೈನಿ. ಅದು ನನಗ ಅರ್ಥ ಆಗ್ತದ. ಆದ್ರ ಹತ್ತು ದಿನ ನಾನು ಇಲ್ಲದ ಕರೆಂಟಿನ ಬೆನ್ನು ಹತ್ತಿದ್ದೆ. ನೀವು ಇಲ್ಲೇ ಕೆಳಗ ರೊಟ್ಟಿ ಬಡೀಲತ್ತಿದ್ರಿ.” ಅಷ್ಟು ಹೇಳಿ ಮೇಲೆ ಹೋದರು. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅವರು ನನ್ನ ಮೇಲೆ ಸಿಟ್ಟು ಮಾಡಿದ್ದು ಆ ಒಂದೇ ಸಲ.

ಮೂರನೆಯ ದಿನ ಕೈಯಲ್ಲಿ ನಾಲ್ಕು ಥರ್ಮಾಮೀಟರ್ ಹಿಡಿದು ಕೆಳಗೆ ಬಂದರು. ಅಂಥದೇ ನಾಲ್ಕು ಸೀಸೆಯಲ್ಲಿ ನೀರು ತುಂಬಿ, ಅದೇ ಕಂಬಳಿ ಹೊದಿಸಿ, ಅದೇ ಒಲೆಯ ಪಕ್ಕದಲ್ಲಿ ಎರಡು ಹಗಲು ಎರಡು ರಾತ್ರಿ ಇಟ್ಟು ನೋಡಬೇಕು. ಚಳಿ ಇನ್ನೂ ಹಾಗೆಯೇ ಇತ್ತು. ಅವರು ಹೊಸ್ತಿಲಾಚೆ ನಿಂತು ಹೇಳಿಕೊಡುತ್ತಿದ್ದರು, ನಾನು ಒಳಗೆ ಜೋಡಿಸುತ್ತಿದ್ದೆ. “ಇನ್ನ ಸ್ವಲ್ಪ ಈ ಕಡಿ. ಅಷ್ಟಲ್ರಿ. ಅದು ಅಲ್ರಿ, ಅದ್ರ ಹಿಂದಿಂದು.” ಹಸಿ ಕಟ್ಟಿಗೆ ಹೊಗೆಯಾಡುತ್ತಿತ್ತು, ಅವರಿಗೆ ಕೆಮ್ಮು ಬಂತು.

ಅತ್ತೆ ರೊಟ್ಟಿಯ ಹಿಟ್ಟು ನಾದುವುದನ್ನು ನಿಲ್ಲಿಸಿದರು. “ಎಷ್ಟೊತ್ತು ಅಲ್ಲೇ ನಿಂತು ಒದರ್ತಿ, ತಂಗಿ? ಹೊಗಿ ಎಲ್ಲಾ ಬಾಗಲಿಗೇ ಹೋಗ್ತದ. ಒಳಗ ಬಂದು ಕೂಡು.”

ಮೇಡಂ ಒಳಗೆ ಬಂದರು. ಒಲೆಯ ಮುಂದೆ ಕೂತರು. ಅತ್ತೆ ಅವರಿಗೆ ಬಿಸಿ ರೊಟ್ಟಿ ಕೊಟ್ಟರು, ಅವರು ಅದರ ಮೇಲೂ ಅಂಗೈ ಇಟ್ಟು ನೋಡಿ ತಿಂದರು.

ಹಗಲು ಅವರಿಗೆ ಕಾಲೇಜು. ಆದ್ದರಿಂದ ತಾಸಿಗೊಮ್ಮೆ ಗೆರೆ ನೋಡಿ ಬರೆಯುವ ಕೆಲಸ ನನಗೆ ಬಂತು. ಪಾದರಸದ ಗೆರೆ ಯಾವ ಓರೆಯಿಂದ ನೋಡಿದರೆ ಕಾಣುತ್ತದೆ ಎಂಬುದನ್ನು ಕಲಿಯಲು ಅರ್ಧ ದಿನ ಬೇಕಾಯಿತು. ನಾನು ಕನ್ನಡ ಅಂಕಿಗಳಲ್ಲಿ ಬರೆದೆ, ನನಗೆ ಅವೇ ಬರುತ್ತಿದ್ದವು. ತಪ್ಪಿದರೆ ಅವರಂತೆಯೇ ಒಂದೇ ಗೆರೆ ಎಳೆದು ಪಕ್ಕದಲ್ಲಿ ಬರೆದೆ. ಅತ್ತೆ ಹೊತ್ತು ಹೊತ್ತಿಗೆ “ಎಷ್ಟಾತು? ಏರ್ಯದೇನು?” ಎಂದು ಕೇಳುತ್ತಿದ್ದರು. ಒಮ್ಮೆ ನಾನು ಬಟ್ಟೆ ಒಗೆಯಲು ಹೋದಾಗ ತಾಸು ತಪ್ಪುತ್ತಿತ್ತು, ಅವರೇ ಬಚ್ಚಲವರೆಗೆ ಬಂದು ಕರೆದರು. ಒಲೆಯ ಕಡೆಯ ಸೀಸೆ ಜ್ವರ ಬಂದ ಮೈಯಷ್ಟು ಬಿಸಿಯಾಗುತ್ತಿತ್ತು. ನಡುವಿನವೆರಡು ಅದಕ್ಕಿಂತ ಕಡಿಮೆ. ಗೋಡೆಯ ಕಡೆಯದು ಬಾವಿಯ ನೀರಿನಷ್ಟೇ ತಣ್ಣಗೆ ಉಳಿದಿತ್ತು.

ಆಮೇಲೆ ಆ ಹುಳಿ ತಟ್ಟೆಗಳನ್ನೇ ಕಾಯುವುದು. ಆ ಜೀವಿಗಳು ಚಳಿಯಲ್ಲಿ ನಿಧಾನ. ನಮ್ಮ ಮೊಸರಿನ ಹಾಗೆ ಬೆಳಗಾಗುವುದರೊಳಗೆ ಆಗುವ ಕೆಲಸ ಅಲ್ಲ. ವಾರಗಳು ಹೋದವು. ನಾನು ಮನಸ್ಸಿನಲ್ಲೇ ನಮ್ಮ ಔರಾದದ್ದು ಒಂದಾದರೂ ಉಳಿಯಲಿ ಎಂದುಕೊಳ್ಳುತ್ತಿದ್ದೆ. ಉಳಿಯಲಿಲ್ಲ. ಒಂದು ಬೆಳಿಗ್ಗೆ ಮೇಲಿನಿಂದ ಕೂಗು ಬಂತು. ಕೈ ಹಿಟ್ಟಿನಲ್ಲೇ ಓಡಿದೆ. ಜನವಾಡದ ತಟ್ಟೆಯಲ್ಲಿ ಗಸಗಸೆಯಷ್ಟು ಸಣ್ಣ, ಬೆಳ್ಳನೆಯ ಚುಕ್ಕೆಗಳು. ಐದೋ ಆರೋ. ಮೇಡಂ ತಟ್ಟೆಯನ್ನು ನನ್ನ ಕಡೆ ತಿರುಗಿಸಿದರು.

“ಉಳಿದವು ಯಾಕ ಸತ್ತವು?” ಎಂದು ಕೇಳಿದೆ.

“ನೀವು ಬೆಚ್ಚಗ ಮಾಡಿದ್ರಿ. ಅವು ಥಂಡಿಯ ತೊಗಲು ಬಿಚ್ಚಿ ಇಟ್ಟವು. ಆಮ್ಯಾಲ ಒಮ್ಮಿಲೇ ಫ್ರಿಜ್ಜಿಗೆ ಹಾಕಿದ್ರಿ. ತಿರುಗಿ ಹಾಕ್ಕೊಳ್ಳಾಕ ಅವಕ್ಕ ಟೈಮ್ ಸಿಗಲಿಲ್ಲ ಅಂತ ನನಗ ಅನಸ್ತದ.” ನಂತರ ಎಂದಿನಂತೆ, “ಖರೇನೋ ಸುಳ್ಳೋ, ಅವಕ್ಕೇ ಕೇಳಬೇಕು.”

ಕೇಳಿದರು. ಜನವಾಡದ್ದನ್ನೇ ಬೆಳೆಸಿ, ಕೆಲವನ್ನು ಬಿಸಿ ಮಾಡಿ ಒಮ್ಮೆಗೇ ತಣಿಸಿದರು, ಕೆಲವನ್ನು ಮೆಲ್ಲಗೆ ತಣಿಸಿದರು. ಮೆಲ್ಲಗೆ ತಣಿಸಿದವು ಉಳಿದವು. ಇದೇನು ದೊಡ್ಡ ಶೋಧವಲ್ಲ, ಬೇರೆ ಜೀವಿಗಳ ಬಗ್ಗೆ ಮೊದಲೇ ಗೊತ್ತಿದ್ದ ಮಾತು ಎಂದು ಅವರೇ ಹೇಳಿದರು. ಆದರೆ ನಮ್ಮ ಕಡಲೆ ಹುಳಿಯವರನ್ನು ಯಾರೂ ಕೇಳಿರಲಿಲ್ಲ. ಅವಧಿ ಮುಗಿಯುವ ವಾರದಲ್ಲಿ ಅವರು ಬರಹವನ್ನು ಕಲಬುರಗಿಗೆ ಒಯ್ದು ಕೊಟ್ಟರು. ಪದವಿ ಬರಲು ಮತ್ತೊಂದು ವರ್ಷ ಹಿಡಿಯಿತು.

ಪದವಿ ಬಂದ ದಿನ ಒಂದು ದಪ್ಪ ಕಪ್ಪು ರಟ್ಟಿನ ಪುಸ್ತಕ ತಂದು ಪಡಸಾಲೆಯಲ್ಲಿ ನನ್ನ ತೊಡೆಯ ಮೇಲೆ ಇಟ್ಟರು. ಎಲ್ಲ ಇಂಗ್ಲಿಷ್. ಒಂದು ಪುಟ ತೆಗೆದು ಬೆರಳಿಟ್ಟು ಕನ್ನಡದಲ್ಲಿ ಹೇಳಿದರು: ನಾಲ್ಕು ಸೀಸೆಗಳನ್ನು ಫ್ರಿಜ್ಜಿನಿಂದ ತೆಗೆದು, ಉಣ್ಣೆಯ ಕಂಬಳಿ ಹೊದಿಸಿ, ಅಡುಗೆಯ ಒಲೆಯ ಪಕ್ಕದಲ್ಲಿ ಎರಡು ಹಗಲು ಎರಡು ರಾತ್ರಿ ಇಡಲಾಯಿತು, ಇದು ಯೋಜಿಸಿದ್ದಲ್ಲ.

ನಾನು ಪುಟದ ಮೇಲೆ ಬಗ್ಗಿದೆ. “ಇಲ್ಲಿ ನನ್ನ ಹೆಸರು ಹಾಕೀರೇನ್ರಿ?”

“ತಪ್ಪಿನ ಹತ್ರ ಯಾರ ಹೆಸರೂ ಹಾಕಿಲ್ಲ.” ಎರಡು ಪುಟ ತಿರುವಿದರು. ಅಂಕಿಗಳ ಒಂದು ಪಟ್ಟಿ, ತಾಸು ತಾಸಿನದು. ಅದರ ಕೆಳಗೆ ಸಣ್ಣ ಅಕ್ಷರದ ಒಂದು ಸಾಲು. “ಇದು, ಅಳತಿ ತಗೊಂಡವರು ಯಾರು ಅಂತ. ಓದ್ರಿ.”

“ಇಂಗ್ಲಿಷ್ ಬರಂಗಿಲ್ಲಲ್ರಿ ಮೇಡಂ.”

“ಅಷ್ಟು ಬರ್ತದ. ಓದ್ರಿ.”

ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದೆ. ಮೊದಲು ನನ್ನ ಹೆಸರು, ನಂತರ ನನ್ನ ತವರಿನ ಊರು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ನಾನು ಸೊಸೆ, ಅವ್ವ, ವೈನಿ. ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಒಮ್ಮೆ ಮನಸ್ಸಿನಲ್ಲಿ ಓದಿದೆ. ಮೇಡಂ ಕಾಯುತ್ತಿದ್ದರು. ಆಮೇಲೆ ಬಾಯಿಬಿಟ್ಟು, ಗಟ್ಟಿಯಾಗಿ ಓದಿದೆ.

ಅಡುಗೆಮನೆಯಿಂದ ಅತ್ತೆ ಕೇಳಿದರು, “ಯಾರನ್ನ ಕರೀಲತ್ತೀ ಬೇ?”